ನಿರ್ಮಾಣ ಸಲಹೆಗಾರನ ವಿದ್ಯೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಆದವಾನಿ, ಆಲೂರು ಸೀಮೆಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಮಕ್ಕಳು ಎಂಜಿನಿಯರುಗಳಾಗುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ಕೆಲವರಾದರೂ ಮುಂದೆ ದೊಡ್ಡ ಕಾಮಗಾರಿಗಳಿಗೆ ಸಲಹೆಗಾರರಾಗುವರು. ತಾನು ಕಟ್ಟದೆ, ಕಟ್ಟಿಸುವವನ ಪರವಾಗಿ ನಿಂತು ಕಾಲ, ಹಣ, ಗುಣ ಇವುಗಳನ್ನು ಕಾಯುವುದು ಈ ವೃತ್ತಿ. ಇದಕ್ಕೆ ಪದವಿ ಬೇಕೇ ಬೇಕು. ಆದರೆ ಅದೊಂದೇ ಸಾಲದೆಂಬುದನ್ನು ನಮ್ಮ ನೀರಿನ ಕಥೆಯಿಂದಲೇ ಅರಿಯಬಹುದು.

1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ಮೊದಲು ನೀರು ಬಿಟ್ಟದ್ದೂ ಅದೇ ವರ್ಷ. ರಾಜ್ಯದ ಗೆರೆ ಬದಲಾದರೇನು, ಬಲದಂಡೆಯ ಕೆಳಮಟ್ಟದ ಕಾಲುವೆ ಆ ಗೆರೆಯನ್ನು ದಾಟಿ ನಮ್ಮ ಹೊಲಗಳಿಗೆ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, ಅದರ 33 ಬಾಗಿಲುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನೀರು ಬಾಗಿಲಿನ ಹೊಸ್ತಿಲಿಗಿಂತ ಕೆಳಗಿಳಿದ ಮೇಲೆ ದುರಸ್ತಿ ಮಾಡುವುದು ಪುಸ್ತಕದ ಉತ್ತರ. ಹಾಗೆ ಮಾಡಿದ್ದರೆ 105 ಟಿಎಂಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊಳೆಯ ಪಾಲಾಗುತ್ತಿತ್ತು; ನಾಟಿ ಮಾಡಿದ ರೈತ ಆಕಾಶ ನೋಡಬೇಕಾಗುತ್ತಿತ್ತು. ಬಾಗಿಲುಗಳ ತಜ್ಞರಾದ ಎನ್. ಕನ್ನಯ್ಯ ನಾಯ್ಡು ಅವರು ಬೇರೆ ಸಲಹೆ ನೀಡಿದರು: ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡತಡೆಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು, ಒಂದರ ಮೇಲೊಂದು ಇಳಿಸುವುದು.

ಬಾಗಿಲಿನ ಅಗಲ 60 ಅಡಿ, ಎತ್ತರ 20 ಅಡಿ. ನೀರು ನೆತ್ತಿಯವರೆಗೆ ನಿಂತರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 340 ಟನ್. ಈ ಲೆಕ್ಕವನ್ನು ಕಾಲೇಜಿನ ವಿದ್ಯಾರ್ಥಿಯೂ ಮಾಡಿಯಾನು. ಆದರೆ 60 ಅಡಿ ಉದ್ದದ ಉಕ್ಕನ್ನು ನಾಲ್ಕೈದು ದಿನಗಳಲ್ಲಿ ಕತ್ತರಿಸಿ ಬೆಸೆಯಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ? ಅದನ್ನು ಅಣೆಕಟ್ಟೆಯ ಮೇಲಕ್ಕೆ ಸಾಗಿಸುವುದು ಹೇಗೆ? ಕ್ರೇನು ನಿಲ್ಲಲು ಜಾಗವೆಷ್ಟು? ಮೊದಲು ಯಾವ ಕೆಲಸ, ಆಮೇಲೆ ಯಾವುದು? ಕೆಳಗೆ ದುಡಿಯುವವರ ಪ್ರಾಣಕ್ಕೆ ರಕ್ಷಣೆಯೇನು? ಮೂರು ರಾಜ್ಯಗಳಿಗೆ ಸೇರಿದ ನೀರಿನ ವಿಷಯದಲ್ಲಿ ಒಪ್ಪಿಗೆ ಯಾರದು? ಇವು ಯಾವ ಸೂತ್ರದಲ್ಲಿಯೂ ಇಲ್ಲ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿಯೂ ಹೊಸಪೇಟೆಯ ಕಾರ್ಖಾನೆಗಳಲ್ಲಿಯೂ ತುಂಡುಗಳು ಸಿದ್ಧವಾದವು. ಆಗಸ್ಟ್ 16ರಂದು ಮೊದಲನೆಯದು ಇಳಿಯಿತು. ಮರುದಿನದ ಹೊತ್ತಿಗೆ ಐದೂ ಕುಳಿತವು. ಸುಮಾರು 70 ಟಿಎಂಸಿ ನೀರು ಉಳಿಯಿತು. ಬೆಸುಗೆ ಹಾಕಿದ ಕೈಗಳಿಗೂ ಈ ಕೀರ್ತಿಯಲ್ಲಿ ಪಾಲಿದೆಯೆಂದು ನಾವು ಭಾವಿಸುತ್ತೇವೆ. ಪತ್ರಿಕೆಗಳಲ್ಲಿ ಅವರ ಹೆಸರು ಬರುವುದು ಅಪರೂಪ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಕರ್ನೂಲು ಸೀಮೆಯದೇ. ಕಳೆದುಹೋದ 19ನೆಯ ಶತಮಾನದಲ್ಲಿ ಮದರಾಸ್ ಇರಿಗೇಶನ್ ಕಂಪನಿಯು ಸುಂಕೇಸುಲದಿಂದ ಕಡಪೆಗೆ ಕಾಲುವೆ ತೋಡಿತು. ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಭರವಸೆಯನ್ನು ಸರಕಾರವೇ ಕೊಟ್ಟಿತ್ತು. ನಷ್ಟದ ಭಯವಿಲ್ಲದವನಿಗೆ ಖರ್ಚಿನ ಹಿಡಿತವೆಲ್ಲಿಂದ ಬಂದೀತು? ಬಂಡವಾಳ ಸಾಲದೆ ಮತ್ತೆ ಸಾಲವಾಯಿತು. ಕಾಲುವೆಯೇನೋ ಆಯಿತು, ಆದರೆ ಎರೆಯ ಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರು ನಿರೀಕ್ಷಿಸಿದಷ್ಟು ನೀರನ್ನು ಕೊಳ್ಳಲಿಲ್ಲ. 1882ರಲ್ಲಿ ಸರಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ಅಳತೆ ಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಕರಾರಿನ ಮಾತುಗಳನ್ನು ತೂಗಿ ನೋಡುವವರು, ಎರೆಯ ಮಣ್ಣಿನ ಒಕ್ಕಲಿಗನನ್ನು ಮೊದಲೇ ಕೇಳುವವರು ಸಾಕಷ್ಟಿರಲಿಲ್ಲ.

ಆದಕಾರಣ ನಮ್ಮ ಮಕ್ಕಳು ಕರಾರು ಓದುವುದನ್ನೂ, ಖರ್ಚಿನ ಅಂದಾಜು ಕಟ್ಟುವುದನ್ನೂ, ಕೆಲಸದ ದಿನಚರಿಯನ್ನು ಪ್ರಾಮಾಣಿಕವಾಗಿ ಬರೆಯುವುದನ್ನೂ ಕಲಿಯಲಿ. ಗಡಿಯಲ್ಲಿ ಹುಟ್ಟಿದವರಿಗೆ ಒಂದು ಅನುಕೂಲವೂ ಇದೆ: ಇಂಗ್ಲಿಷಿನ ಕರಾರನ್ನು ಓದಿ, ಹೊಸಪೇಟೆಯ ಬೆಸುಗೆಗಾರನೊಡನೆ ಕನ್ನಡದಲ್ಲಿಯೂ ಎಮ್ಮಿಗನೂರಿನ ರೈತನೊಡನೆ ತೆಲುಗಿನಲ್ಲಿಯೂ ಮಾತನಾಡಬಲ್ಲವರು ಅವರು.

ಇಂಥ ಮಾತುಕತೆ ಎಷ್ಟು ಅಗತ್ಯವೆಂಬುದು ಹಳೆಯ ಬಾಗಿಲುಗಳನ್ನೆಲ್ಲ ಬದಲಿಸುವ ಕಾರ್ಯ ಬಂದಾಗ ಕಂಡಿತು. ಅದಕ್ಕೆ ಜಲಾಶಯದ ನೀರು ಇಳಿದಿರಬೇಕು; 2025-26ರಲ್ಲಿ ಎರಡನೆಯ ಬೆಳೆಗೆ ನೀರು ದೊರೆಯಲಿಲ್ಲ. ಎಂಜಿನಿಯರನ ಕಾಗದದಲ್ಲಿ ಅದು ಕಾಮಗಾರಿಯ ಅವಧಿ; ನಮ್ಮ ಮನೆಗಳಲ್ಲಿ ಒಂದು ಫಸಲು. ಬಾಗಿಲು ಬದಲಿಸಲೇಬೇಕು, ನಿಜ. ಆದರೆ ಅಂಥ ವೇಳಾಪಟ್ಟಿಯನ್ನು ಬರೆಯುವವನು ಬಿತ್ತನೆಗೆ ಎಷ್ಟು ತಿಂಗಳು ಮುಂಚಿತವಾಗಿ ಅದನ್ನು ರೈತನಿಗೆ ತಿಳಿಸಬೇಕೆಂಬುದನ್ನೂ ಅದರಲ್ಲಿಯೇ ಬರೆದಿರಬೇಕು.