ನಾಮದ ಚಿಲುಮೆಗೆ ಒಂದು ದಿನ: ಹೊರಡುವ ಮುಂಚೆ ಒಂದಿಷ್ಟು ಮಾತು

ಈ ವಾರ ನೀರಿನ ಬಗ್ಗೆ ಮಾತಾಡೋಣ. ಕಾವೇರಿ ವಿವಾದ, ಟ್ಯಾಂಕರ್ ದರ ಅಂತೆಲ್ಲ ಹೋಗುವುದಿಲ್ಲ, ಹೆದರಬೇಡಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರಬಹುದಾದ ಒಂದು ಚಿಲುಮೆಯ ಕಥೆ ಇದು. ತುಮಕೂರಿನ ಹತ್ತಿರ, ದೇವರಾಯನದುರ್ಗದ ಕಾಡಿನಲ್ಲಿರುವ ನಾಮದ ಚಿಲುಮೆ. ಕೇಳುತ್ತಿರುವವರಲ್ಲಿ ಹೋಗಿ ಬಂದವರು ಬಹಳ ಜನ ಇದ್ದೀರಿ ಅಂತ ಗೊತ್ತು. ಶಾಲೆಯ ಪ್ರವಾಸದಲ್ಲಿ ಬಸ್ಸಿಳಿದು, ಜಿಂಕೆ ನೋಡಿ, ಪುಳಿಯೋಗರೆ ತಿಂದು, ಸಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಂಡವರು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಚಿಲುಮೆ ಅಂದ ಕೂಡಲೇ ದೊಡ್ಡ ಕೊಳ, ಬುಳುಬುಳು ಉಕ್ಕುವ ನೀರು, ಮಕ್ಕಳು ಇಳಿದು ಆಡಬಹುದು ಅಂತ ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು ಹೋಗಬೇಡಿ. ಬಂಡೆಯಲ್ಲಿ ಒಂದು ಸಣ್ಣ ಕುಳಿ. ಅದರಲ್ಲಿ ನೀರು. ಅಷ್ಟೇ. ಎಷ್ಟೋ ಜನ ನೋಡಿದ ತಕ್ಷಣ ಕೇಳುವ ಪ್ರಶ್ನೆ ಒಂದೇ: "ಇಷ್ಟೇನಾ?" ಎರಡು ನಿಮಿಷ ನಿಂತು ಕಾರು ಹತ್ತುತ್ತಾರೆ. ನನಗೆ ಈ "ಇಷ್ಟೇನಾ"ದ ಬಗ್ಗೆಯೇ ಸ್ವಲ್ಪ ಹೇಳಬೇಕು.

ಕಥೆ ನಿಮಗೆ ಗೊತ್ತೇ ಇದೆ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣ ಈ ದಾರಿಯಲ್ಲಿ ಬಂದರಂತೆ. ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಬೇಕು, ತೇಯುವುದಕ್ಕೆ ನೀರಿಲ್ಲ. ಬಾಣ ಬಿಟ್ಟ, ಬಂಡೆ ಸೀಳಿತು, ನೀರು ಬಂತು. ನಾಮಕ್ಕಾಗಿ ಬಂದ ಚಿಲುಮೆ, ನಾಮದ ಚಿಲುಮೆ. ಈ ಕಥೆ ಕಟ್ಟಿದವರಿಗೆ ಈ ಸೀಮೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ. ಹಣೆಗೆ ಹಚ್ಚಿಕೊಳ್ಳುವಷ್ಟು ನೀರಿಗೂ ದೇವರೇ ಬಾಣ ಬಿಡಬೇಕಾದ ಊರು ಇದು!

ಈ ಭಾನುವಾರ ನಾವು ಹೋಗುವುದು ಅಂತ ತೀರ್ಮಾನವಾಗಿದೆ. ಹೊರಡುವವರು ಐದು ಜನ. ಇಬ್ಬರು ಮಕ್ಕಳಿಗೆ ವಾಟರ್ ಪಾರ್ಕ್ ಬೇಕಿತ್ತು. ಮಗನದು ಒಂದೇ ಹಟ, "ಅಪ್ಪಾ, ಅಲ್ಲಿ ಈಜೋಕೆ ಆಗಲ್ಲ ಅಂದ್ರೆ ಯಾಕೆ ಹೋಗ್ಬೇಕು?" ಅಮ್ಮನಿಗೆ ಎಪ್ಪತ್ನಾಲ್ಕು. ಮಂಡಿ ನೋವು. ಆದರೆ ಈ ಪ್ರವಾಸ ಕೇಳಿದ್ದೇ ಅವಳು. ಅವಳ ತವರು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗುವವರೆಗೂ ಸೇದುವ ಬಾವಿ, ಹಗ್ಗ, ಬಿಂದಿಗೆ. ಬೇಸಿಗೆಯಲ್ಲಿ ಬಾವಿಯ ತಳದಲ್ಲಿ ನೀರು ಊರಲಿ ಅಂತ ರಾತ್ರಿಯೆಲ್ಲ ಸರದಿ ಕಾದಿದ್ದನ್ನು ಈಗಲೂ ಹೇಳುತ್ತಾಳೆ. ಮೊನ್ನೆ ಅಡುಗೆಮನೆಯಲ್ಲಿ ಕೇಳಿದಳು: "ಅಲ್ಲಿ ಇನ್ನೂ ನೀರು ಬರ್ತಾ ಐತೇನೋ?" ಬರ್ತಾ ಇದೆಯಂತಮ್ಮ ಅಂದೆ. "ಹಗ್ಗ ಇಲ್ದೆ, ಮೋಟರ್ ಇಲ್ದೆ, ತಾನಾಗೇ ಬರ್ತೈತಲ್ಲ, ಅದನ್ನ ಇನ್ನೊಂದ್ ಸಲ ನೋಡ್ಬೇಕು" ಅಂದಳು. ಅವಳ ತವರಿನಲ್ಲಿ ಈಗ ಸೇದುವ ಬಾವಿಗಳೆಲ್ಲ ಒಣಗಿವೆ. ಕಸ ಹಾಕುತ್ತಾರೆ. ಕೊಳವೆ ಬಾವಿ ಕೊರೆದು ಕೊರೆದು ಸಾವಿರ ಅಡಿ ದಾಟಿದ್ದಾರೆ.

ಹಾಗಾಗಿ ಮಗನ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಸ್ವಲ್ಪ ಓದಿದೆ. ಈ ಬೆಟ್ಟ ಇರುವುದು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುವ ಕಲ್ಲಿನ ಪಟ್ಟಿಯಲ್ಲಿ. ಕ್ಲೋಸ್‌ಪೇಟೆ ಅಂದರೆ ಬೇರೇನಲ್ಲ, ರಾಮನಗರದ ಹಳೆಯ ಹೆಸರು. ರಾಮನಗರ, ಶಿವಗಂಗೆ, ತುಮಕೂರು, ಮಧುಗಿರಿ, ಪಾವಗಡ, ಹೀಗೆ ದಕ್ಷಿಣದಿಂದ ಉತ್ತರಕ್ಕೆ ಬಳ್ಳಾರಿ ಕಡೆವರೆಗೂ ಹೋಗುತ್ತದೆ. ಸುಮಾರು 250 ಕೋಟಿ ವರ್ಷದ ಕಲ್ಲು. ಮರಳುಗಲ್ಲಿನ ಹಾಗೆ ಇದು ನೀರು ಕುಡಿಯುವ ಕಲ್ಲಲ್ಲ. ನೀರು ನಿಲ್ಲುವುದು ಕಲ್ಲಿನ ಬಿರುಕಿನಲ್ಲಿ, ಮತ್ತೆ ಮೇಲುಗಡೆ ಶಿಥಿಲವಾಗಿ ಮಣ್ಣಾಗಿರುವ ಪದರದಲ್ಲಿ. ಮಳೆ ಬೀಳಬೇಕು, ಗಿಡದ ಬೇರು, ಉದುರಿದ ಎಲೆ ಆ ನೀರನ್ನು ಓಡಿಹೋಗದಂತೆ ಹಿಡಿಯಬೇಕು, ಅದು ನಿಧಾನವಾಗಿ ಇಳಿಯಬೇಕು, ಬಿರುಕಿನಲ್ಲಿ ಸಾಗಬೇಕು, ಆ ಬಿರುಕು ಎಲ್ಲೋ ಒಂದು ಕಡೆ ನೆಲದ ಮೇಲೆ ಬಾಯಿ ಬಿಡಬೇಕು. ಇಷ್ಟೆಲ್ಲ ಕೂಡಿ ಬಂದರೆ ಒಂದು ಚಿಲುಮೆ.

ಇದೇ ಕಲ್ಲಿನಲ್ಲಿ ಆಳಕ್ಕೆ ಕೊರೆದರೂ ನೀರು ಸಿಗುತ್ತದೆ. ಆದರೆ ಅದು ಬೇರೆ ನೀರು. ಬಹಳ ಕಾಲ ಕಲ್ಲಿನ ಜೊತೆಗೇ ಇದ್ದು, ಅದರ ಖನಿಜಗಳನ್ನೆಲ್ಲ ಕರಗಿಸಿಕೊಂಡಿರುತ್ತದೆ. ಪಾವಗಡದ ಕಡೆ ಫ್ಲೋರೈಡ್ ನೀರಿನ ಕಥೆ ನಿಮಗೆ ಗೊತ್ತಲ್ಲ. ಮಕ್ಕಳ ಹಲ್ಲು ಕಂದಾಗುವುದು, ನಡು ವಯಸ್ಸಿಗೇ ಕೀಲು ಬಿಗಿಯುವುದು. ಒಂದೇ ಕಲ್ಲಿನ ಪಟ್ಟಿ. ಮೇಲೆ ನಾಮ ತೇಯುವ ನೀರು, ಕೆಳಗೆ ಹಲ್ಲು ಕೆಡಿಸುವ ನೀರು. ಮೇಲಿನದು ಉಳಿಯುವುದೋ ಬಿಡುವುದೋ ಅನ್ನುವುದು ಬೆಟ್ಟದ ಮೇಲಿನ ಹುಲ್ಲು ಮರಗಳ ಕೈಯಲ್ಲಿದೆ. ಹಿಮಾಲಯದ ಊರುಗಳು ಕುಡಿಯುವುದಕ್ಕೆ ಚಿಲುಮೆಗಳನ್ನೇ ನಂಬಿವೆ. ಅಲ್ಲಿನ ಹತ್ತಿರ ಹತ್ತಿರ ಅರ್ಧದಷ್ಟು ಚಿಲುಮೆಗಳು ಬತ್ತುತ್ತಿವೆ ಅಂತ 2018ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು.

ಇರಲಿ, ಪ್ಲಾನಿಗೆ ಬರೋಣ.

ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್. ಅಲ್ಲಿಂದ ದುರ್ಗಕ್ಕೆ ಸುಮಾರು 15. ಆರು ಗಂಟೆಗೇ ಮನೆ ಬಿಡಿ. ಏಳರ ಮೇಲಾದರೆ ನೆಲಮಂಗಲ ದಾಟುವುದೇ ಒಂದು ಪ್ರವಾಸವಾಗುತ್ತದೆ. ಡಾಬಸ್‌ಪೇಟೆಯಲ್ಲಿ ತಿರುಗಿ ಊರ್ಡಿಗೆರೆ ಮೇಲೆ ಹೋಗುವ ದಾರಿಯೂ ಇದೆ, ಹಳ್ಳಿ ದಾರಿ, ಚೆನ್ನಾಗಿದೆ. ಆದರೆ ನಾನು ಅದನ್ನು ವಾಪಸ್ ಬರುವುದಕ್ಕೆ ಇಟ್ಟುಕೊಂಡಿದ್ದೇನೆ. ಕಾರಣ ಸರಳ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬೆಳಿಗ್ಗೆ ಬಿಸಿಯಾಗಿ, ಮೇಲೊಂದು ಬೆಣ್ಣೆ ಮುದ್ದೆ ಹಾಕಿಸಿಕೊಂಡು ತಿನ್ನದೆ ಆ ಊರು ದಾಟುವುದು ಹೇಗೆ?

ಅಲ್ಲೇ ಪಕ್ಕದಲ್ಲಿ ಸಿದ್ಧಗಂಗಾ ಮಠ. ಹೆಸರಲ್ಲೇ ಗಂಗೆ ಇದ್ದಾಳೆ ನೋಡಿ. ಆ ಬೆಟ್ಟದ ಮೇಲೂ ಬಂಡೆಯೊಳಗೆ ಒಂದು ತೀರ್ಥ, ಅದಕ್ಕೂ ಗೋಸಲ ಸಿದ್ಧೇಶ್ವರರ ಕಾಲದ ಒಂದು ಬಾಯಾರಿಕೆಯ ಕಥೆ. ಇನ್ನು ಶಿವಗಂಗೆಗೆ ಹೋದರೆ ಒಳಕಲ್ಲು ತೀರ್ಥ, ಕಲ್ಲಿನ ತೂತಿಗೆ ಕೈ ಹಾಕಿದರೆ ನೀರು ಸಿಕ್ಕಿತಾ ಇಲ್ಲವಾ ಅಂತ ಎಲ್ಲರ ಮುಖ ನೋಡಬೇಕು! ಈ ಸೀಮೆಯಲ್ಲಿ ಕಲ್ಲಿನಲ್ಲಿ ನೀರು ಕಂಡ ಕಡೆಯೆಲ್ಲ ದೇವರಿದ್ದಾನೆ. ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಶಿವಗಂಗೆ ಹತ್ತುವುದಕ್ಕೇ ಒಂದು ದಿನ ಬೇಕು, ಮಂಡಿ ನೋವಿನವರಿಗೆ ಅದು ಆಗುವ ಮಾತೂ ಅಲ್ಲ.

ವಯಸ್ಸಾದವರಿಗೆ ನಾಮದ ಚಿಲುಮೆ ಅನುಕೂಲ, ಬೆಟ್ಟ ಹತ್ತಬೇಕಾಗಿಲ್ಲ. ಅಲ್ಲೇ ಅರಣ್ಯ ಇಲಾಖೆಯ ಜಿಂಕೆ ವನ ಇದೆ, ಔಷಧಿ ಗಿಡಗಳನ್ನು ಬೆಳೆಸಿದ್ದಾರೆ. ಅಮ್ಮನನ್ನು ಆ ಗಿಡಗಳ ಮಧ್ಯೆ ಬಿಟ್ಟರೆ ಸಾಕು, ಇದು ಕೆಮ್ಮಿಗೆ, ಇದು ಹುಳುಕಡ್ಡಿಗೆ ಅಂತ ಮೊಮ್ಮಕ್ಕಳಿಗೆ ಪಾಠ ಶುರುವಾಗುತ್ತದೆ. ಆಮೇಲೆ ಬೆಟ್ಟ. ತಪ್ಪಲಲ್ಲಿ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಸುಮಾರು 3,900 ಅಡಿ ಎತ್ತರ. ಕಾರು ಬಹುಪಾಲು ಮೇಲಕ್ಕೆ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಅಮ್ಮ ಭೋಗ ನರಸಿಂಹನ ಹತ್ತಿರವೇ ಕೂರುತ್ತೇನೆ ಅಂದಿದ್ದಾಳೆ. ಜೊತೆಗೆ ಕೂರುವುದು ನಾನು. ಮಕ್ಕಳನ್ನು ಮೇಲೆ ಹತ್ತಿಸುವ ಕೆಲಸ ಹೆಂಡತಿಯದು, ಅವಳಿಗೆ ಬೆಟ್ಟ ಅಂದರೆ ಪ್ರಾಣ.

ಈ ಬೆಟ್ಟಕ್ಕೆ ಹಿಂದೆ ಜಡಕನ ದುರ್ಗ ಅಂತ ಹೆಸರಿತ್ತು. ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ ಆಯಿತು. ಮೇಲೆ ನಿಂತಾಗ ಮಕ್ಕಳಿಗೆ ತೋರಿಸಬೇಕಾದದ್ದು ಇನ್ನೊಂದಿದೆ. ಈ ಗುಡ್ಡಗಳಲ್ಲಿ ಎರಡು ನದಿ ಹುಟ್ಟುತ್ತವೆ. ದಕ್ಷಿಣಕ್ಕೆ ಇಳಿಯುವ ಶಿಂಷಾ ಮಾರ್ಕೋನಹಳ್ಳಿ, ಮದ್ದೂರು ನೋಡಿಕೊಂಡು ಕಾವೇರಿ ಸೇರುತ್ತದೆ. ಉತ್ತರಕ್ಕೆ ಇಳಿಯುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರಿ, ಆಂಧ್ರದ ನೆಲ್ಲೂರಿನ ಹತ್ತಿರ ಸಮುದ್ರಕ್ಕೆ. ಒಂದೇ ಮೋಡದ ಎರಡು ಹನಿ, ಒಂದು ತಮಿಳುನಾಡಿಗೆ, ಒಂದು ಆಂಧ್ರಕ್ಕೆ. ಅಮ್ಮನ ಊರಿನ ಕೆರೆ ಜಯಮಂಗಲಿಯ ಕಡೆಯದು. ಅದು ಕೋಡಿ ಬಿದ್ದರೆ ಊರಿಗೆ ಊರೇ ಬಾಗಿನ ಕೊಡಲು ಹೋಗುತ್ತಿತ್ತು.

ಊಟ ಮನೆಯಿಂದಲೇ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಆದರೆ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಕೋತಿಗಳಿಗೆ ಕವರಿನ ಸರಬರ ಸದ್ದು ಕೇಳಿದರೆ ಸಾಕು, ಬಂದು ಕಿತ್ತುಕೊಳ್ಳುತ್ತವೆ. ಜಿಂಕೆಗೆ ಬಿಸ್ಕತ್ತು, ಕುರುಕಲು ತಿನ್ನಿಸಬೇಡಿ. ಪ್ರೀತಿಯಿಂದ ಕೊಡುತ್ತೀರಿ ನಿಜ, ಆದರೆ ಅದರ ಹೊಟ್ಟೆ ಹುಲ್ಲು ಸೊಪ್ಪಿಗಾಗಿ ಇರುವುದು. ಕುಡಿಯುವ ನೀರು ಕಾರಿನಲ್ಲೇ ಇರಲಿ. ಚಿಲುಮೆಯ ನೀರನ್ನು ನಾವು ತಲೆಗೆ ಪ್ರೋಕ್ಷಿಸಿಕೊಳ್ಳುವುದು, ಅಷ್ಟೇ. ದಿನಕ್ಕೆ ನೂರಾರು ಕೈ ಮುಟ್ಟುವ ನೀರು ಅದು, ಭಕ್ತಿಗೂ ಹೊಟ್ಟೆಗೂ ಬೇರೆ ಬೇರೆ ಲೆಕ್ಕ. ಅದರೊಳಗೆ ನಾಣ್ಯ ಹಾಕಬೇಡಿ. ಹೂವು, ಕರ್ಪೂರವೂ ಬೇಡ.

ಯಾವಾಗ ಹೋಗುವುದು ಒಳ್ಳೆಯದು? ಮಳೆ ಮುಗಿದು ಹಸಿರು ಇನ್ನೂ ಇರುವಾಗ, ದಸರಾದಿಂದ ಸಂಕ್ರಾಂತಿವರೆಗೆ. ಫಾಲ್ಗುಣದಲ್ಲಿ ದುರ್ಗದ ತೇರು, ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ. ಜಾತ್ರೆಯೇ ಬೇಕಾದವರು ಆಗ ಹೋಗಿ, ಚಿಲುಮೆ ನೋಡಬೇಕಾದವರು ಆಗ ಹೋಗಬೇಡಿ. ಆಮೇಲೆ ಬಿರುಬೇಸಿಗೆ. ಹುಲ್ಲು ಒಣಗಿ ಗರಿಗರಿ ಆಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ. ಚಿಲುಮೆಗೆ ನೀರು ಹಿಡಿಯುವುದೇ ಆ ಗುಡ್ಡ ಅನ್ನುವುದು ನೆನಪಿರಲಿ.

ಕಾರಿಲ್ಲದವರಿಗೆ: ತುಮಕೂರಿನವರೆಗೆ ರೈಲು, ಬಸ್ಸು ಬೇಕಾದಷ್ಟಿವೆ. ಮುಂದಕ್ಕೆ ಆಟೊ ಮಾತಾಡಿಕೊಳ್ಳಿ. ಹೋಗುವುದಕ್ಕೆ ಮಾತ್ರ ಅಲ್ಲ, ಕಾದಿದ್ದು ವಾಪಸ್ ಕರೆತರುವುದಕ್ಕೂ ಸೇರಿಸಿ. ಐದು ಗಂಟೆಗೆ ಕಾಡು ಬಿಡಿ. ತುಮಕೂರು ಸೀಮೆಯಲ್ಲಿ ಚಿರತೆ ಓಡಾಟ ಇರುವುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಸಂಜೆ ಹೊತ್ತು ಮಕ್ಕಳನ್ನು ಪೊದೆಯ ಕಡೆ ಬಿಡಬೇಡಿ.

ಮಗನ ಜೊತೆ ಒಂದು ಒಪ್ಪಂದ ಆಗಿದೆ. ಈಜುಕೊಳಕ್ಕೆ ಮುಂದಿನ ತಿಂಗಳು. ಈ ಭಾನುವಾರ ಅವನು ಅಜ್ಜಿಯ ಕೈ ಹಿಡಿದುಕೊಂಡು ಚಿಲುಮೆಯ ಹತ್ತಿರ ಹತ್ತು ನಿಮಿಷ ನಿಂತಿರಬೇಕು, ಫೋನ್ ಇಲ್ಲದೆ. ಅವನು ಐದು ನಿಮಿಷ ಅಂತ ಚೌಕಾಸಿ ಮಾಡಿದ, ಏಳಕ್ಕೆ ಇತ್ಯರ್ಥವಾಯಿತು. ಅಮ್ಮ ಆಗಲೇ ತಾಮ್ರದ ಚೊಂಬು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದಾಳೆ. ನಮಸ್ಕಾರ, ಮುಂದಿನ ವಾರ ಸಿಗೋಣ.