ಹೆಣ್ಣುಮಕ್ಕಳ ವಸತಿಶಾಲೆ

ನಮ್ಮ ಬಸವಾಪಟ್ಟಣ ಪಾಳೆಯಗಾರರ ಊರು. ತರೀಕೆರೆಗೆ ಹೋಗಿ ನೆಲೆಸುವ ಮೊದಲು ಆ ಮನೆತನದವರು ಇಲ್ಲಿಂದಲೇ ಆಳಿದರು. 17ನೆಯ ಶತಮಾನದಲ್ಲಿ ಬಿಜಾಪುರದ ದಂಡು ಇಲ್ಲಿನ ಕೋಟೆಯನ್ನು ಹಿಡಿಯಿತು. ಈ ಕಥೆಗಳಲ್ಲಿ ಬರುವವರೆಲ್ಲ ಗಂಡಸರೇ. ಸಮೀಪದ ಸೂಳೆಕೆರೆಯ ಮಾತು ಬಂದಾಗ ಮಾತ್ರ ಹೆಣ್ಣೊಬ್ಬಳ ಹೆಸರು ಕೇಳಿಬರುತ್ತದೆ. ರಾಜಕುಮಾರಿ ಶಾಂತವ್ವ ಆ ಕೆರೆಯನ್ನು ಕಟ್ಟಿಸಿದಳೆಂದು ಐತಿಹ್ಯ. ಅದಕ್ಕೇ ಶಾಂತಿಸಾಗರವೆಂಬ ಇನ್ನೊಂದು ಹೆಸರು. ಆ ಹೆಣ್ಣನ್ನು ಇಷ್ಟು ಕಾಲ ನೆನಪಿನಲ್ಲಿಟ್ಟುಕೊಂಡ ನಾಡಿನಲ್ಲಿ, ಹೆಣ್ಣುಮಗುವೊಂದು ಓದಿಗೆಂದು ದಿನಕ್ಕೆರಡು ಗಂಟೆ ಬಿಡುವು ಪಡೆಯುವುದು ಏಕೆ ಇಷ್ಟು ಕಷ್ಟವಾಯಿತು? ವಸತಿಶಾಲೆಯ ವಿಚಾರವನ್ನು ನಾನು ಈ ಪ್ರಶ್ನೆಯಿಂದಲೇ ಆರಂಭಿಸಬಯಸುತ್ತೇನೆ.

ನಮ್ಮ ಮನೆಗಳಲ್ಲಿ ಮಗಳ ಮೇಲೆ ಪ್ರೀತಿಗೆ ಕೊರತೆಯಿಲ್ಲ. ಆದರೆ ಅವಳ ಹೊತ್ತು ಅವಳದಲ್ಲ. ಪುಸ್ತಕ ಹಿಡಿದು ಕುಳಿತೊಡನೆ ನೀರಿನ ಕೊಡ ಕರೆಯುತ್ತದೆ, ತೊಟ್ಟಿಲ ಕೂಸು ಕರೆಯುತ್ತದೆ. ಅಡಿಕೆಯ ಸುಗ್ಗಿ ಬಂದರೆ ಸುಲಿಯುವ ಕೆಲಸಕ್ಕೆ ಮನೆಯ ಕೈಗಳೆಲ್ಲ ಬೇಕು. ಅಣ್ಣ ಓದುತ್ತಿದ್ದರೆ ಮನೆ ಸದ್ದಡಗಿಸುತ್ತದೆ. ತಂಗಿ ಓದುತ್ತಿದ್ದರೆ ಅವಳು ಸುಮ್ಮನೆ ಕುಳಿತಿದ್ದಾಳೆಂದು ಎಣಿಸುತ್ತದೆ. ಇದರ ಮೇಲೆ ಶಾಲೆಯೂ ದೂರವಾದರೆ ಅವಳ ಓದು ಪ್ರಾಥಮಿಕ ತರಗತಿಗಳಲ್ಲೇ ಮುಗಿಯುತ್ತದೆ.

ನಾನು ಪ್ರೌಢಶಾಲೆಯ ಓದಿಗೆ ಊರು ಬಿಟ್ಟು ವಸತಿಶಾಲೆಗೆ ಸೇರಿದೆ. ತಗಡಿನ ಪೆಟ್ಟಿಗೆ, ಒಂದು ಜಮಖಾನ, ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ, ಇವಿಷ್ಟೇ ನನ್ನ ಸಂಸಾರ. ಬೆಳಕು ಹರಿಯುವ ಮುನ್ನ ಗಂಟೆ ಬಾರಿಸುತ್ತಿತ್ತು. ಸ್ನಾನದ ನೀರಿಗೆ ಸಾಲು, ಪ್ರಾರ್ಥನೆ, ಉಪ್ಪಿಟ್ಟು, ಪಾಠ. ಸಂಜೆ ಆಟ, ದೀಪ ಹೊತ್ತಿದ ಮೇಲೆ ಎರಡು ಗಂಟೆ ಓದು. ಮೊದಲ ತಿಂಗಳು ಆ ಗಂಟೆಯನ್ನು ಶಪಿಸದ ಹುಡುಗಿಯಿರಲಿಲ್ಲ. ಕ್ರಮೇಣ ಒಂದು ಸಂಗತಿ ನಮಗೆ ತಿಳಿಯಿತು: ಓದಿನ ಗಂಟೆ ಬಾರಿಸಿದ ಮೇಲೆ ನಮ್ಮನ್ನು ಯಾರೂ ಕರೆಯುವಂತಿರಲಿಲ್ಲ. ಬಾಳಿನಲ್ಲಿ ಮೊದಲ ಬಾರಿಗೆ ಎರಡು ಗಂಟೆಗಳು ಸಂಪೂರ್ಣವಾಗಿ ನಮ್ಮವಾಗಿದ್ದವು. ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡೆವು. ಜ್ವರ ಬಂದವಳ ಹಣೆಗೆ ಒದ್ದೆಬಟ್ಟೆ ಇಡುವಾಗ ಯಾರೂ ಕುಲ ಕೇಳಲಿಲ್ಲ. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಿರಲಾರದು.

ಕನ್ನಡನಾಡಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಇತಿಹಾಸ ಉದ್ದವಾದುದು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾದದ್ದು 1881ರಲ್ಲಿ. ವಸತಿಶಾಲೆಗಳ ಪೈಕಿ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬರುವುದು ಕಿತ್ತೂರಿನದು. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯ ಕಂಪನಿಯ ದಂಡನ್ನು ಸೋಲಿಸಿದ ಊರು ಅದು. ದೇಶದಲ್ಲಿ ಸೈನಿಕ ಶಾಲೆಗಳು 1961ರಲ್ಲಿ ತೊಡಗಿದವು, ಬಿಜಾಪುರದ ಶಾಲೆ 1963ರಲ್ಲಿ ಬಂತು. ಅವೆಲ್ಲ ಗಂಡುಹುಡುಗರಿಗೆ ಮೀಸಲು. ಹೀಗಿರುವಾಗ 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲೇ ಬಾಲಕಿಯರ ವಸತಿ ಸೈನಿಕ ಶಾಲೆ ತಲೆಯೆತ್ತಿತು. ಆರನೆಯ ತರಗತಿಗೆ ಸೇರಿದ ಹುಡುಗಿ ಹನ್ನೆರಡನೆಯದನ್ನು ಮುಗಿಸುವವರೆಗೂ ಅಲ್ಲಿರಬಹುದು. ಗಣಿತ ವಿಜ್ಞಾನಗಳ ಜೊತೆಗೆ ಕವಾಯತು, ಎನ್.ಸಿ.ಸಿ., ಬಂದೂಕಿನ ಗುರಿ, ಕುದುರೆ ಸವಾರಿ ಇವೂ ಅಲ್ಲಿನ ಶಿಕ್ಷಣದ ಅಂಗಗಳು.

ಹುಡುಗಿಯರಿಗೆ ಕುದುರೆ ಸವಾರಿ ಯಾಕೆ ಎಂದು ಕೇಳುವವರಿಗೆ ಕಾಲವೇ ಉತ್ತರ ಹೇಳಿತು. ಎಲ್ಲ ಸೈನಿಕ ಶಾಲೆಗಳ ಬಾಗಿಲು ಬಾಲಕಿಯರಿಗೆ ತೆರೆದದ್ದು 2021–22ರ ಸಾಲಿನಲ್ಲಿ, ಕಿತ್ತೂರು ದಾರಿ ತೋರಿದ ಅರ್ಧ ಶತಮಾನದ ನಂತರ. ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಅವರಲ್ಲಿ 17 ಮಂದಿ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು.

ಎಲ್ಲರೂ ಕಿತ್ತೂರಿಗೆ ಹೋಗಲಾರರು, ನಿಜ. ಅಂಥವರಿಗಾಗಿಯೇ 2004ರಲ್ಲಿ ಕೇಂದ್ರ ಸರಕಾರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆಯನ್ನು ತಂದಿತು. ಶಿಕ್ಷಣದಲ್ಲಿ ಹಿಂದುಳಿದ ಪ್ರದೇಶಗಳ ಹುಡುಗಿಯರಿಗೆ ಊಟ, ವಸತಿ, ಪಾಠ ಒಂದೇ ಕಡೆ. ನೂರಕ್ಕೆ 75 ಸ್ಥಾನಗಳು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ. ಉಳಿದವು ಬಡತನದ ರೇಖೆಯ ಕೆಳಗಿನ ಮನೆಗಳ ಮಕ್ಕಳಿಗೆ. ಮೊದಲು ಎಂಟನೆಯ ತರಗತಿಗೆ ನಿಲ್ಲುತ್ತಿದ್ದ ಈ ವ್ಯವಸ್ಥೆಯನ್ನು 2018ರ ನಂತರ ಹನ್ನೆರಡನೆಯವರೆಗೆ ವಿಸ್ತರಿಸಲು ಅವಕಾಶವಾಯಿತು.

ಆದರೂ ಒಂದು ಎಚ್ಚರ ಬೇಕು. ಹೆಣ್ಣುಮಕ್ಕಳ ವಸತಿಶಾಲೆಗೆ ಗಂಟೆಯೂ ಉಂಟು, ಬೀಗವೂ ಉಂಟು. ಅನೇಕ ತಂದೆತಾಯಿಗಳು ಮಗಳನ್ನು ಸೇರಿಸುವಾಗ ಮೊದಲು ಕೇಳುವುದು ಗೋಡೆ ಎಷ್ಟು ಎತ್ತರ, ಬಾಗಿಲು ಎಷ್ಟು ಭದ್ರ ಎಂದು. ಭದ್ರತೆ ಬೇಡವೆನ್ನಲಾರೆ. ಆದರೆ ಮಗಳನ್ನು ಮದುವೆಯವರೆಗೆ ಕಾದಿಡುವ ಕಣಜವಲ್ಲ ವಸತಿಶಾಲೆ. ಓದಿನ ಕೋಣೆಯಲ್ಲಿ ಬೆಳಕುಂಟೆ, ಪುಸ್ತಕಗಳುಂಟೆ, ಆಡಲು ಬಯಲುಂಟೆ, ಕಾಯಿಲೆ ಬಿದ್ದರೆ ನೋಡುವವರುಂಟೆ, ಮಗು ತನ್ನ ಕಷ್ಟ ಹೇಳಿಕೊಂಡರೆ ಕೇಳುವ ಕಿವಿಯುಂಟೆ, ಈ ಪ್ರಶ್ನೆಗಳನ್ನೂ ಕೇಳೋಣ.

ಇನ್ನೊಂದು ಮಾತು. ರಜೆಗೆ ಮನೆಗೆ ಬಂದ ಮಗಳು ಪುಸ್ತಕ ಹಿಡಿದು ಕುಳಿತರೆ ಅವಳನ್ನು ಕರೆಯಬೇಡಿ. ಆ ಕೊಡವನ್ನು ಅಂದು ಅವಳ ಅಣ್ಣನೇ ಹೊರಲಿ.