ಮಕ್ಕಳ ಕಾಸು



ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯ ಊರುಗಳಲ್ಲಿ ದೇವರಗುಡ್ಡರು ಕಂಸಾಳೆ ನುಡಿಸುತ್ತ ಬಾಗಿಲಿಗೆ ಬಂದರೆ, ತಾಯಿ ಮಗುವಿನ ಬೊಗಸೆಗೆ ಧಾನ್ಯವನ್ನು ಹಾಕಿ ಕೋರಣ್ಯ ನೀಡಿಸುವುದುಂಟು. ಧಾನ್ಯ ತಾಯಿಯದು, ಕೈ ಮಗುವಿನದು. ಹಾಗಾದರೆ ದಾನ ಯಾರದು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕಡಲಾಚೆಯ ಪ್ರಾಟೆಸ್ಟಂಟ್ ಮಕ್ಕಳು ಮಿಷನ್ನುಗಳಿಗಾಗಿ ಕಾಸು ಕೂಡಿಸಿದ ಚರಿತ್ರೆಯನ್ನು ನಾವು ಈ ಹೊತ್ತು ವಿಚಾರಮಾಡೋಣ.

ಲಂಡನ್ ಮಿಷನ್ ಸಂಘವು ಹುಟ್ಟಿದ್ದು 1795ರಲ್ಲಿ. ಅದರ ಪಾದ್ರಿ ಜಾನ್ ವಿಲಿಯಮ್ಸನು 1839ರಲ್ಲಿ ಪೆಸಿಫಿಕ್ ಸಾಗರದ ಎರೊಮಾಂಗಾ ದ್ವೀಪದಲ್ಲಿ ಹತನಾದನು. ಆತನ ಹೆಸರಿನ ಹಡಗೊಂದನ್ನು ಒದಗಿಸುವ ಭಾರವನ್ನು ಮಕ್ಕಳು ಹೊತ್ತರು. ಅವರು ಕೂಡಿಸಿದ ಹಣ 6,000 ಪೌಂಡುಗಳಿಗೂ ಹೆಚ್ಚು. ಆಗ ಪೌಂಡಿಗೆ 240 ಪೆನ್ನಿಗಳು. ಎಂದರೆ ಹದಿನಾಲ್ಕು ಲಕ್ಷ ಪೆನ್ನಿಗಳಿಗೂ ಮೀರಿದ ಮೊತ್ತ. ಹಡಗು 1844ರಲ್ಲಿ ನೀರಿಗಿಳಿಯಿತು, 1864ರಲ್ಲಿ ಒಡೆದುಹೋಯಿತು. ಮಕ್ಕಳು ಮತ್ತೆ ಕೂಡಿಸಿದರು. ಎರಡನೆಯದೂ 1867ರಲ್ಲಿ ನಷ್ಟವಾಗಲು, ಮೂರನೆಯದು ಹೊರಟಿತು. ಅಮೆರಿಕದ ಮಕ್ಕಳು 1856ರಲ್ಲಿ ‘ಮಾರ್ನಿಂಗ್ ಸ್ಟಾರ್’ ಎಂಬ ಹಡಗಿಗೆ ಹತ್ತು ಸೆಂಟಿನ ಪಾಲುಗಳನ್ನು ಕೊಂಡು, ಪಾಲುಪತ್ರಗಳನ್ನು ಪಡೆದರು. ಹಡಗಿನ ಒಂದು ಹಲಗೆಯಾದರೂ ತನ್ನದೆಂದು ಮಗು ಹೇಳಿಕೊಳ್ಳಬಹುದಾಗಿತ್ತು. ಈ ಏರ್ಪಾಡಿನ ಬಲವೆಲ್ಲ ಇಲ್ಲಿಯೇ ಇತ್ತು.

ನಮ್ಮ ನಾಡಿಗೂ ಈ ಸಂಘದ ಸಂಬಂಧವುಂಟು. ಅದು 1810ರಲ್ಲಿ ಬಳ್ಳಾರಿಗೆ, 1830ರಲ್ಲಿ ಕೋಯಮತ್ತೂರಿಗೆ ಬಂದಿತು. ಹನೂರನ್ನೊಳಗೊಂಡ ಕೊಳ್ಳೇಗಾಲದ ತಾಲ್ಲೂಕು ಆಗ ಮದರಾಸು ಆಧಿಪತ್ಯದ ಕೋಯಮತ್ತೂರು ಜಿಲ್ಲೆಗೆ ಸೇರಿತ್ತು. ಕೆಲವೇ ಮೈಲಿಗಳಾಚೆಯ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಮೈಸೂರು ಸೀಮೆ; ಆ ಸೀಮೆಯಲ್ಲಿ ಪ್ರಬಲವಾಗಿದ್ದುದು ವೆಸ್ಲಿಯನ್ ಮಿಷನ್ನು. ಭಾಷೆ ಒಂದೇ, ಗಡಿ ಎರಡು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಸ್ಥಾಪಿತವಾಗಿ ಈ ಎರಡು ಮಿಷನ್ನುಗಳ ಸಭೆಗಳು ಒಂದಾದವು. 1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಇಂದು ಈ ಮೂರೂ ಊರುಗಳು 1997ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಯಲ್ಲಿವೆ.

ಇನ್ನು ಗುಣದೋಷಗಳ ಮಾತು. ಮಕ್ಕಳಿಗೆಂದೇ ಪತ್ರಿಕೆಗಳು ಹೊರಟವು. ಚರ್ಚ್ ಮಿಷನ್ ಸಂಘದ್ದು 1842ರಲ್ಲಿ, ಲಂಡನ್ ಸಂಘದ್ದು 1844ರಲ್ಲಿ. ಕಂಡರಿಯದ ದೇಶಗಳ ನದಿ, ಮರ, ಜನರನ್ನು ಅವು ಬಡವರ ಮಕ್ಕಳಿಗೂ ಪರಿಚಯಮಾಡಿಕೊಟ್ಟವು. ಇದು ಸಣ್ಣ ವಿದ್ಯೆಯಲ್ಲ. ಆದರೆ ಮಗುವಿನ ಮನಸ್ಸು ಕರಗಬೇಕೆಂದು, ಆ ಜನರನ್ನು ಕತ್ತಲೆಯಲ್ಲಿ ತೊಳಲುವ ದೀನರೆಂದೇ ಬಗೆಬಗೆಯಾಗಿ ಚಿತ್ರಿಸಿದವು. ಕಾಸಿನೊಡನೆ ಕರುಣೆಯೂ ಬೆಳೆಯಿತು. ಕರುಣೆಯೊಡನೆ, ತಾವು ಮೇಲು ಎಂಬ ಭಾವವೂ ಬೆಳೆಯಿತು. ಅದೇ ಹಡಗಿನಲ್ಲಿ ದ್ವೀಪವಾಸಿಗಳೇ ಉಪದೇಶಕರಾಗಿ ಬೇರೆ ದ್ವೀಪಗಳಿಗೆ ಹೋಗುತ್ತಿದ್ದರೆಂಬುದನ್ನು ನೆನೆದರೆ, ಆ ಚಿತ್ರ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಕೋರಣ್ಯದ ಮಗುವಿನ ಕಡೆಗೆ ತಿರುಗೋಣ. ಅಲ್ಲಿ ಕೊಡುವವನು ತಲೆಬಾಗುತ್ತಾನೆ, ಪಡೆಯುವವನು ಹರಸುತ್ತಾನೆ. ಧಾನ್ಯ ಯಾರದಾದರೂ ಆಗಲಿ, ತಲೆಬಾಗಿದ ಆ ಕ್ಷಣ ಮಗುವಿನದು. ಇಂದಿಗೂ ಶಾಲೆಗಳಲ್ಲಿ ಬರಕ್ಕೋ ನೆರೆಗೋ ಮಕ್ಕಳಿಂದ ಹಣ ಕೂಡಿಸುತ್ತೇವೆ. ಡಬ್ಬಿಯನ್ನು ಅವರ ಕೈಗೆ ಕೊಡುವ ಮುನ್ನ, ಪಡೆಯುವವರ ಮಾನವನ್ನು ಅವರಿಗೆ ಹೇಳಿಕೊಟ್ಟೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.